ಟಾನಿಕ್ ಪೋಸ್ಟರ್

ಪೋಸ್ಟರಿನ ಎಡಗಡೆ ಕೆನ್ನೆ ಬತ್ತಿದ, ಕಣ್ಣು ಗುಳಿಬಿದ್ದ ಹೆಂಗಸು. ಕೆಳಗೆ 'ಟಾನಿಕ್ ಕುಡಿಯುವ ಮೊದಲು' ಎಂದಿತ್ತು. ಬಲಗಡೆ ಅದೇ ಹೆಂಗಸು ಮೈಕೈ ತುಂಬಿಕೊಂಡು ನಗುತ್ತಿದ್ದಳು. ಕೆಳಗೆ 'ಕುಡಿದ ನಂತರ'.

ಊರಿನ ಗೋಡೆಗಳ ಮೇಲೆ ಸೋಪು, ಬೀಡಿ, ಸಿನಿಮಾ ಬರೆದು ಪಳಗಿದ ಕಲಾವಿದನ ಕೈಕೆಲಸ ಅದು. ಟಾನಿಕ್ ಕಂಪನಿಯ ಮಾಲೀಕರು ಕನ್ನಡಕ ಏರಿಸಿಕೊಂಡು ನೋಡಿದರು.

"ಜೀವ ಇದೆ ಕಣ್ರೀ. ಯಾರನ್ನ ಕೂರಿಸಿ ಬರೆದ್ರಿ?"

"ನಮ್ಮನೆಯವಳನ್ನೇ ಸಾರ್. ಕಣ್ಣೆದುರಿಗೆ ಇಲ್ಲದ ಮುಖ ನನಗೆ ಬರೆಯೋಕೆ ಬರಲ್ಲ."

"ಹಾಗಾದ್ರೆ ನಾವು ಕೊಟ್ಟ ಬಾಟಲಿ ಅವರ ಮೈಗೆ ಚೆನ್ನಾಗೇ ಹಿಡಿದಿದೆ."

ಕಲಾವಿದ ಬ್ರಷ್ ಒರೆಸುತ್ತ ತಲೆ ಅಲ್ಲಾಡಿಸಿದ.

"ಇಲ್ಲ ಸಾರ್. ದುಂಡು ಮುಖ ಮೊದಲು ಬರೆದಿದ್ದು. ನಿಮ್ಮ ಬಾಟಲಿ ಶುರು ಮಾಡಿದ್ದು ಆಮೇಲೆ. ಬತ್ತಿದ ಮುಖ ಹೋದ ವಾರ ಬರೆದೆ, ಹಾಸಿಗೆ ಪಕ್ಕ ಕೂತು."

ಮಾಲೀಕರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

"ಈ ಮಾತು ಇಲ್ಲಿಗೇ ಇರಲಿ. ಮುಂದಿನ ತಿಂಗಳು ಮಕ್ಕಳ ಟಾನಿಕ್ ಬರುತ್ತೆ ಅಂದಿದ್ದೆನಲ್ಲ, ಅದರ ಪೋಸ್ಟರೂ ನಿಮಗೇ. ನಿಮಗೊಬ್ಬಳು ಮಗಳಿದ್ದಾಳಲ್ವಾ?"

"ಇದ್ದಾಳೆ ಸಾರ್. ಅವಳ ದುಂಡು ಮುಖ ಬರೆದಾಯ್ತು. ಬಾಟಲಿ ಕೊಡಿ."