ಅಕ್ಕನ ಸಹಿ ಇದ್ದ ಬಾಡಿಗೆ ರಸೀದಿ

ತೆರಿಗೆ ಲೆಕ್ಕ ಮುಗಿಸುವ ಮಾರ್ಚ್ ತಿಂಗಳಲ್ಲಿ ಓದಿದರೆ ಇದು ಇನ್ನೂ ಚುರುಕ್ ಅನ್ನುತ್ತದೆ... ಆದರೂ ಇವತ್ತೇ ಓದಿಬಿಡಿ.

ಹುಬ್ಬಳ್ಳಿಯ ಗುರುಸಿದ್ಧಪ್ಪ ಹತ್ತೊಂಬತ್ತು ವರ್ಷ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ ನಡೆಸಿದವನು. ತನ್ನ ಅಂಗಡಿಗೆ ತಾನೇ ಸಾಹುಕಾರ.

ವರ್ಷಕ್ಕೊಮ್ಮೆ ತೆರಿಗೆ ಲೆಕ್ಕ ಕೊಡುವಾಗ ಪೆನ್ನು ಅವನ ಕೈಯಲ್ಲೇ ಇರುತ್ತಿತ್ತು. ಮನೆಯ ಪೆಟ್ರೋಲು, ಹಬ್ಬದ ಬಟ್ಟೆ, ಹೆಂಡತಿಯ ಮೊಬೈಲು... ಎಲ್ಲವೂ ಪ್ರೆಸ್ಸಿನ ಖರ್ಚು. ಕೇಳುವವರು ಯಾರೂ ಇರಲಿಲ್ಲ.

ಆಮೇಲೆ ಜನ ಮದುವೆಗೆ ಫೋನಿನಲ್ಲೇ ಕರೆಯತೊಡಗಿದರು. ಪ್ರೆಸ್ಸಿಗೆ ಬೀಗ ಬಿತ್ತು.

ಪುಣ್ಯಕ್ಕೆ ಒಂದು ಪ್ಯಾಕೇಜಿಂಗ್ ಕಂಪನಿಯಲ್ಲಿ ಪ್ರಿಂಟಿಂಗ್ ಮ್ಯಾನೇಜರ್ ಕೆಲಸ ಸಿಕ್ಕಿತು. ಒಳ್ಳೆಯ ಸಂಬಳವೇ.

ಮೊದಲ ಸಂಬಳದ ಚೀಟಿ ನೋಡಿ ಹಿಗ್ಗಿದವನು, ಜನವರಿಯ ಚೀಟಿ ನೋಡಿ ಕೆಂಡವಾದ. ತೆರಿಗೆ ಮೊದಲೇ ಕಟ್ ಆಗಿತ್ತು.

"ನಾ ದುಡದ ರೊಕ್ಕ ನನ್ನ ಕೈಗೆ ಬರೂಕಿಂತ ಮೊದಲ ಇವರು ಕತ್ತರಿ ಹಾಕ್ತಾರಲ್ಲ..."

ಪಕ್ಕದ ಟೇಬಲಿನ ಗೆಳೆಯ ನಕ್ಕ. "ಮನಿ ಬಾಡಿಗಿ ರಸೀದಿ ಕೊಡ್ರಿ ಗುರುಸಿದ್ಧಪ್ಪನವರ. ಟ್ಯಾಕ್ಸ್ ಇಳೀತೈತಿ."

"ನಂದು ಸ್ವಂತ ಮನಿ ಐತೆಲ್ಲಾ?"

"ಅದು ಆಫೀಸಿಗೇನ ಗೊತ್ತು? ಯಾರಾರ ನಿಮ್ಮವರದ ಹೆಸರು, ಪ್ಯಾನ್ ನಂಬರ್ ಹಾಕ್ರಿ."

ಪ್ಯಾನ್ ಕಾರ್ಡ್ ಇದ್ದು, ಪ್ರಶ್ನೆ ಕೇಳದವರು ಅವನಿಗೆ ಒಬ್ಬರೇ ಇದ್ದರು... ಅಕ್ಕ ಕಲ್ಲವ್ವ. ಇಂಥ ಕೆಲಸಕ್ಕೆ ನಮಗೆ ನೆನಪಾಗುವುದು ಇಂಥವರೇ ನೋಡಿ.

ಗಂಡ ತೀರಿದ ಮೇಲೆ ಕಲ್ಲವ್ವ ಖಾನಾವಳಿಗೆ ರೊಟ್ಟಿ ಬಡಿದುಕೊಟ್ಟು ಬದುಕುತ್ತಿದ್ದಳು. ಇರುವುದು ಒಂದು ಕೋಣೆಯ ಬಾಡಿಗೆ ಮನೆ. ಓದಲು ಬಾರದು, ಹೆಸರು ಬರೆಯಲು ಮಾತ್ರ ಬರುತ್ತಿತ್ತು. ಗುರುಸಿದ್ಧಪ್ಪ ರಸೀದಿಗಳನ್ನು ಅವಳ ಮುಂದಿಟ್ಟ.

"ಏನ ತಮ್ಮಾ ಇದು?"

"ಆಫೀಸಿಂದು ಅಕ್ಕಾ. ನನಗ ಅನಕೂಲ ಆಗತೈತಿ."

"ನಿನಗ ಅನಕೂಲ ಆದ್ರ ಸಾಕಪಾ."

ಹಿಟ್ಟಿನ ಕೈ ಒರೆಸಿಕೊಂಡು, ಒಂದೊಂದೇ ಅಕ್ಷರ ಕೂಡಿಸುತ್ತಾ ಹನ್ನೆರಡು ರಸೀದಿಗೆ ಹನ್ನೆರಡು ಸಹಿ ಹಾಕಿದಳು.

ಕೆಲಸ ಪಕ್ಕಾ ಇರಲಿ ಎಂದು ಆ ಗೆಳೆಯ ಅಕ್ಕನ ಹೆಸರಿನಲ್ಲಿ ಒಂದು ತೆರಿಗೆ ರಿಟರ್ನ್ ಕೂಡ ಹಾಕಿಸಿದ. ತಿಂಗಳಿಗೆ ಹನ್ನೆರಡು ಸಾವಿರ ಬಾಡಿಗೆ ಆದಾಯ... ಕಟ್ಟಬೇಕಾದ ತೆರಿಗೆ ಸೊನ್ನೆ.

ಗುರುಸಿದ್ಧಪ್ಪನಿಗೆ ಇಪ್ಪತ್ತೊಂದು ಸಾವಿರ ಉಳಿಯಿತು. ಅದರಲ್ಲೇ ಅಕ್ಕನಿಗೊಂದು ಇಳಕಲ್ ಸೀರೆ ತಂದ. ಪಾಪ, ಆಕೆ ಅದನ್ನು ಓಣಿಗೆಲ್ಲ ತೋರಿಸಿ ಬಂದಳು.

ಮರುವರ್ಷ ಕಲ್ಲವ್ವನಿಗೆ ನಾಲ್ಕು ಹೆಜ್ಜೆ ನಡೆದರೆ ಏದುಸಿರು... ಹೃದಯದ ವಾಲ್ವ್ ಬದಲಿಸಬೇಕು, ತಡಮಾಡಬೇಡಿ ಎಂದರು ಡಾಕ್ಟರು.

ಬಿಪಿಎಲ್ ಕಾರ್ಡ್ ಇದ್ದರೆ ಖರ್ಚಿಲ್ಲ. ಇಲ್ಲದಿದ್ದರೆ ಎರಡೂವರೆ ಲಕ್ಷ.

ಆಸ್ಪತ್ರೆಯ ಕೌಂಟರಿನವರು ಅಕ್ಕನ ಕಾರ್ಡಿನ ನಂಬರ್ ಒತ್ತಿ ನೋಡಿದರು. "ಈ ಕಾರ್ಡ್ ರದ್ದಾಗೇತ್ರಿ."

ಗುರುಸಿದ್ಧಪ್ಪ ಅಕ್ಕನನ್ನು ಆಟೋದಲ್ಲಿ ಕೂರಿಸಿಕೊಂಡು ಸೀದಾ ರೇಷನ್ ಕಾರ್ಡ್ ಆಫೀಸಿಗೆ ಹೋದ. ಅಲ್ಲಿನ ಗುಮಾಸ್ತನ ಮೇಲೆ ಹರಿಹಾಯ್ದ.

"ರೊಟ್ಟಿ ಬಡಿಯೋ ಹೆಣ್ಮಗಳನ್ನ ಶ್ರೀಮಂತಳು ಅಂತ ಬರದವ ಯಾಂವ್ರಿ? ಅವನಿಗೆ ಅಕ್ಕ ತಂಗೇರು ಇಲ್ಲೇನು? ಅವನ ಹೆಸರು ಹೇಳ್ರಿ ಮೊದಲ."

ಗುಮಾಸ್ತ ಸಿಟ್ಟಾಗಲಿಲ್ಲ. ಕಂಪ್ಯೂಟರ್ ನೋಡಿ ಹೇಳಿದ. "ಇವರ ಹೆಸರಿನ್ಯಾಗ ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಐತ್ರಿ. ವರ್ಷಕ್ಕ ಒಂದು ಲಕ್ಷ ನಲವತ್ನಾಲ್ಕ ಸಾವಿರ ಮನಿ ಬಾಡಿಗಿ ಬರತೈತಿ, ಬಿಪಿಎಲ್ ಮಿತಿ ದಾಟೇತಿ."

ಗುರುಸಿದ್ಧಪ್ಪ ಟೇಬಲಿನಿಂದ ಒಂದು ಹೆಜ್ಜೆ ಹಿಂದೆ ಸರಿದ.

"ನನಗ ಯಾರು ಬಾಡಿಗಿ ಕೊಡ್ತಾರ್ರಿ ಸಾಹೇಬ್ರ..." ಅಕ್ಕ ನಕ್ಕಳು. "ನಾನ ಬಾಡಿಗಿ ಮನ್ಯಾಗ ಅದೀನಿ."

ಹೀಗೆಂದು ತಮ್ಮನ ಕಡೆ ತಿರುಗಿದಳು. ಅವನು ನೆಲ ನೋಡುತ್ತಾ ನಿಂತಿದ್ದ...

ಓದಲು ಬಾರದ ಅಕ್ಕ ಆ ಮುಖವನ್ನು ಓದಿಬಿಟ್ಟಳು.

"ಸುಳ್ಳು ರಿಟರ್ನ್ ಆಗಿದ್ರ ಹೇಳ್ರಿ ಯವ್ವಾ, ಹಾಕಿದವರ ಮ್ಯಾಲೆ ದೂರು ಕೊಡಬಹುದು," ಎಂದ ಗುಮಾಸ್ತ.

"ಇಲ್ರಿ... ಬಾಡಿಗಿ ಬರತೈತ್ರಿ. ನನಗ ಮರತಿತ್ತು."

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಏದುಸಿರು ಬಿಡುತ್ತಾ ಒಂದೇ ಮಾತು ಅಂದಳು.

"ಖರೇ ಹೇಳಿದ್ರೂ ನಾ ಸಹಿ ಹಾಕ್ತಿದ್ದೆ ತಮ್ಮಾ... ಹೇಳಬೇಕಾಗಿತ್ತು ನೀ."

ಮರುದಿನ ಗುರುಸಿದ್ಧಪ್ಪ ತನ್ನ ಆಫೀಸಿನಲ್ಲಿ ತಪ್ಪೊಪ್ಪಿಕೊಂಡ. ತೆರಿಗೆ, ಬಡ್ಡಿ, ದಂಡ... ಎಲ್ಲ ಕಟ್ಟಿದ. ಆದರೆ ಕಾರ್ಡ್ ಮತ್ತೆ ಸಿಗಲು ತಿಂಗಳುಗಟ್ಟಲೆ ಬೇಕು, ಅಷ್ಟು ದಿನ ಅಕ್ಕನಿಗೆ ತಡೆಯಲಾಗದು. ಹೆಂಡತಿಯ ಬಂಗಾರ ಅಡವಿಟ್ಟು ಆಪರೇಷನ್ನಿಗೆ ದಿನ ಗೊತ್ತು ಮಾಡಿಸಿದ.

ಆ ಬೆಳಿಗ್ಗೆ ಆಸ್ಪತ್ರೆಯವರು ಒಪ್ಪಿಗೆ ಪತ್ರ ಕೊಟ್ಟರು. ಗುರುಸಿದ್ಧಪ್ಪ ಅದನ್ನು ಅಕ್ಕನ ಮುಂದಿಟ್ಟು ಪೆನ್ನು ಕೊಟ್ಟ. "ಇಲ್ಲಿ ಸಹಿ ಹಾಕು ಅಕ್ಕಾ."

ಕಲ್ಲವ್ವ ಪೆನ್ನು ತೆಗೆದುಕೊಳ್ಳಲಿಲ್ಲ.

ಕಾಗದವನ್ನು ಪಕ್ಕದಲ್ಲಿದ್ದ ನರ್ಸಿನ ಕಡೆ ಚಾಚಿ, ಮೆಲ್ಲಗೆ ಅಂದಳು...

"ಇದರಾಗ ಏನ ಬರದೈತಿ, ಸ್ವಲ್ಪ ಓದಿ ಹೇಳವಾ ತಂಗಿ."

ಗುರುಸಿದ್ಧಪ್ಪ ಕಾರಿಡಾರಿಗೆ ಹೋಗಿ ಗೋಡೆಗೆ ಮುಖ ಮಾಡಿ ಅತ್ತ.

*ತಪ್ಪಿಸಿದ ತೆರಿಗೆಯನ್ನು ದಂಡದ ಸಮೇತ ಕಟ್ಟಿಬಿಡಬಹುದು... ಕಳೆದುಕೊಂಡ ನಂಬಿಕೆಯನ್ನು ತುಂಬಲು ಯಾವ ಚಲನ್ನೂ ಇಲ್ಲ.*

ನಿಮ್ಮನ್ನು ನಂಬಿ, ಓದದೇ ಸಹಿ ಹಾಕಿದವರು ಯಾರಿದ್ದಾರೆ? ಆ ಕಾಗದದಲ್ಲಿ ಏನಿತ್ತೆಂದು ಅವರಿಗೆ ಇವತ್ತಾದರೂ ಹೇಳುತ್ತೀರಾ?