ಮುಂದಿನ ಪುಟ

‘ಅಮ್ಮಾ, ಅವತ್ತು ನಾನು ಮನೆ ಬಿಟ್ಟದ್ದು ಸಿಟ್ಟಿನಿಂದಲ್ಲ, ಯಾಕೆಂದರೆ’ ಎಂಬ ಸಾಲು ಇಂಗ್ಲಿಷ್ ಅಕ್ಷರಗಳಲ್ಲಿ ಪರದೆಯ ಮೇಲೆ ಕಂಡದ್ದೇ ವಿಜೇತಾಳ ಕೈ ಕೀಬೋರ್ಡಿನ ಮೇಲೆಯೇ ನಿಂತಿತು. ಅದನ್ನು ಬರೆದ ಅಣ್ಣ ಉಜ್ವಲ್ ಚಾರ್ಮಾಡಿ ಘಾಟಿಯಲ್ಲಿ ಬೈಕ್ ಉರುಳಿ ಸತ್ತು ಆರು ತಿಂಗಳಾಗಿತ್ತು. ಅಮ್ಮನ ಜೊತೆ ಜಗಳವಾಡಿ ಬೆಳ್ತಂಗಡಿಯ ಬಾಡಿಗೆ ಕೋಣೆ ಸೇರಿದ್ದವನ ಕಂಪ್ಯೂಟರ್ ಮಾತ್ರ ಪುಂಜಾಲಕಟ್ಟೆಯ ಮನೆಗೆ ಮರಳಿತ್ತು.

ಎಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗಾಗಿ ವಿಜೇತಾ ಅದರಲ್ಲೇ ಲಿನಕ್ಸ್ ಕರ್ನೆಲ್ ಎಂಬ, ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವನ್ನು ತಿದ್ದುತ್ತಿದ್ದಳು. ಮೆಮೊರಿ ತುಂಬಿದಾಗ ಕರ್ನೆಲ್ ಅದರಲ್ಲಿನ ಕೆಲವು ತುಣುಕುಗಳನ್ನು, ‘ಪುಟ’ಗಳನ್ನು, ಹಾರ್ಡ್‌ಡಿಸ್ಕಿನ ಒಂದು ಮೂಲೆಗೆ ಸರಿಸುತ್ತದೆ; ಆ ಕೆಲಸವನ್ನು ಅವಳು ವೇಗಗೊಳಿಸಬೇಕಿತ್ತು. ಅಣ್ಣ ಸೇವ್ ಮಾಡದೆ ಬಿಟ್ಟ ಪತ್ರದ ಒಂದು ಪುಟ ಆ ಮೂಲೆಯಲ್ಲಿ ಉಳಿದುಬಿಟ್ಟಿತ್ತು. ಅವಳು ಮುಂದಿನ ಪುಟವನ್ನು ಹುಡುಕಿದಳು. ಅದಿರಬೇಕಾದಲ್ಲಿ ತಲೆಬುಡವಿಲ್ಲದ ಅಕ್ಷರಗಳಿದ್ದವು. ಬೆಳಿಗ್ಗೆ ಅವಳೇ ನಡೆಸಿದ ಕರ್ನೆಲ್ ಪರೀಕ್ಷೆ ಅಣ್ಣನ ಬರಹವನ್ನು ಅಳಿಸಿ ಅವನ್ನು ಅಲ್ಲಿ ಬರೆದಿತ್ತು.

“ಅದು ಉಜ್ವಲನದ್ದಾ?” ಅವಳು ‘ಅಣ್ಣಾ’ ಎಂದದ್ದು ಕೇಳಿ ಅಮ್ಮ ಕಾಂತಿ ಬೆನ್ನ ಹಿಂದೆ ಬಂದು ನಿಂತಿದ್ದರು. ಅವರಿಗೆ ಇಂಗ್ಲಿಷ್ ಅಕ್ಷರ ಓದಲು ಬರುತ್ತಿರಲಿಲ್ಲ; ಉಜ್ವಲ್ ಬರೆದದ್ದನ್ನು ಯಾವಾಗಲೂ ವಿಜೇತಾಳೇ ಓದಿ ಹೇಳುತ್ತಿದ್ದಳು. ವಿಜೇತಾ ಆ ಸಾಲನ್ನು ಓದಿ ಹೇಳಿದಳು.

“ಯಾಕಂತೆ? ಮುಂದೆ ಉಂಟಲ್ಲ, ಓದು.”

ವಿಜೇತಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. “ಯಾಕೆಂದರೆ, ನನಗೆ ಸ್ವಲ್ಪ ದಿನ ಒಬ್ಬನೇ ಇರಬೇಕು ಅನ್ನಿಸಿತ್ತು. ನಿನ್ನ ತಪ್ಪು ಏನೂ ಇಲ್ಲ ಅಮ್ಮಾ.”

ಕಾಂತಿ ಕುರ್ಚಿ ಎಳೆದು ಪರದೆಗೆ ತೀರಾ ಹತ್ತಿರ ಕೂತರು. ತಲೆಬುಡವಿಲ್ಲದ ಆ ಅಕ್ಷರಗಳ ಮೊದಲ ಸಾಲಿನ ಮೇಲೆ ಬೆರಳಿಟ್ಟರು.

“ಇಲ್ಲಿಂದ ಇನ್ನೊಮ್ಮೆ ಓದು ವಿಜಿ. ನಿಧಾನಕ್ಕೆ.”