ಬೊಂಬೆ ಮೆಟ್ಟಿಲ ದೀಪಗಳು

ಜರಗನಹಳ್ಳಿಯ ಮೊಬೈಲ್ ರಿಪೇರಿ ಅಂಗಡಿಯ ಮುಂದೆ ಸುಟ್ಟ ಪ್ಲಾಸ್ಟಿಕ್ ವಾಸನೆ ಬಂದರೆ ಈಗಲೂ ನನಗೆ ನನ್ನ ಮೇಲೇ ಹೇಸಿಗೆಯಾಗುತ್ತದೆ.

ಆಗ ನಾನು ಒಂಬತ್ತನೇ ಕ್ಲಾಸಿನಲ್ಲಿ ಫೇಲಾಗಿ, ಶಾಲೆ ಬಿಟ್ಟು ಮನೆಯಲ್ಲಿ ಕೂತಿದ್ದೆ. ತಂಗಿ ದಸರಾ ಬೊಂಬೆಗಳಿಗೆಂದು ರಟ್ಟಿನ ಮೇಲೆ ಕಡಲೆಕಾಳಿನಷ್ಟು ಪುಟ್ಟ ಎಲ್ಇಡಿ ದೀಪಗಳನ್ನು ಸಾಲಾಗಿ ಜೋಡಿಸಿದ್ದಳು. ಅವು ಹತ್ತಿಕೊಂಡರೆ ವೈರು ಬೆಸೆಯುವ ಸೋಲ್ಡರಿಂಗ್ ಐರನ್ ಕೊಡಿಸುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದರು.

"ಬಂದ್ಳು ನೋಡು ದೊಡ್ಡ ಇಂಜಿನಿಯರಮ್ಮ! ಈ ಕಡ್ಡಿ ಯಾಕೆ?" ಅಂದೆ.

"ಅದು ರೆಸಿಸ್ಟರ್ ಕಣೋ ಅಣ್ಣ. ಅದಿಲ್ದಿದ್ರೆ ಕರೆಂಟ್ ಜಾಸ್ತಿ ನುಗ್ಗಿ ಎಲ್ಲಾ ಸುಟ್ಟೋಗುತ್ತೆ."

ಅವಳು ಊಟಕ್ಕೆ ಎದ್ದಾಗ, ಕರೆಂಟು ಆ ಕಡ್ಡಿಯನ್ನು ತಪ್ಪಿಸಿಕೊಂಡು ಹೋಗಲೆಂದು ಅದರ ಎರಡೂ ತುದಿಗೆ ತಾಮ್ರದ ಎಳೆಯೊಂದನ್ನು ಸುತ್ತಿದೆ.

ಅಕ್ಕಪಕ್ಕದ ಆಂಟಿಯರೆಲ್ಲ ಬೊಂಬೆ ನೋಡಲು ಬಂದಾಗ ಅವಳು ಸ್ವಿಚ್ ಒತ್ತಿದಳು. ದೀಪಗಳು ಒಮ್ಮೆ ಧಗ್ಗನೆ ಬೆಳಗಿ, ಸುಟ್ಟ ವಾಸನೆ ಬಿಟ್ಟು ಆರಿಹೋದವು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

"ಸಾಕಮ್ಮ ಈ ವೈರ್ ಆಟ," ಎಂದರು ಅಪ್ಪ.

ತಂಗಿ ರಟ್ಟು ತಿರುಗಿಸಿ ನೋಡಿದಳು. ತಾಮ್ರದ ಎಳೆಯನ್ನು ಮೆಲ್ಲಗೆ ಬಿಡಿಸಿ ಅಂಗೈಯೊಳಗೆ ಮುಚ್ಚಿಕೊಂಡಳು. ನನ್ನ ಕಡೆ ತಿರುಗಲೂ ಇಲ್ಲ.

"ನಂದೇ ತಪ್ಪು ಅಪ್ಪ," ಅಂದಳು.